ಆನೆ ಮೇಲಿನ ರಾಜ, ಕೇಸಿನಲ್ಲಿ ಸಿಕ್ಕ ಮುದುಕ

2018ನೇ ಇಸವಿ, ಜನವರಿ 17. ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕ್. 84 ವರ್ಷದ ಒಬ್ಬ ಹಿರಿಯರ ಮೇಲಿದ್ದ ಕೇಸನ್ನು ಅಲ್ಲಿನ ಮಿಲಿಟರಿ ಪ್ರಾಸಿಕ್ಯೂಟರ್‌ಗಳು ಅವತ್ತು ಕೈಬಿಟ್ಟರು. ಸಾಕ್ಷ್ಯ ಸಾಲದು ಅಂದರು. ಆ ಹಿರಿಯರ ಹೆಸರು ಸುಲಕ್ ಶಿವರಕ್ಷ. ಬರಹಗಾರರು, ಬೌದ್ಧ ಚಿಂತಕರು, ಜೀವನಪೂರ್ತಿ ಅಧಿಕಾರದಲ್ಲಿದ್ದವರನ್ನು ಪ್ರಶ್ನೆ ಮಾಡುತ್ತಲೇ ಬಂದವರು. ಆದರೆ ರಾಜಮನೆತನದ ವಿರೋಧಿಯಲ್ಲ. ನಾನು ರಾಜಪ್ರಭುತ್ವವನ್ನು ಒಪ್ಪುವವನೇ ಅಂತ ಬಹಿರಂಗವಾಗಿ ಹೇಳಿಕೊಂಡವರು.

ಅವರ ಮೇಲೆ ಇದ್ದ ಕೇಸು ಯಾವುದು ಗೊತ್ತಾ? ರಾಜನಿಂದೆ. ಥಾಯ್ಲೆಂಡಿನ ದಂಡ ಸಂಹಿತೆಯ 112ನೇ ಕಲಂ. ಸಾಬೀತಾದರೆ 3ರಿಂದ 15 ವರ್ಷ ಜೈಲು. 84 ವರ್ಷದವರಿಗೆ 15 ವರ್ಷ ಅಂದರೆ ಏನರ್ಥ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅವರು ಬೈದದ್ದು ಯಾವ ರಾಜನಿಗೆ? ಸಿಂಹಾಸನದ ಮೇಲೆ ಇರುವವರಿಗಲ್ಲ. ಅವರ ತಂದೆಗೂ ಅಲ್ಲ, ತಾತನಿಗೂ ಅಲ್ಲ. 1605ರಲ್ಲಿ ಸತ್ತುಹೋದ ರಾಜನ ಬಗ್ಗೆ ಅವರು ಮಾತಾಡಿದ್ದರು. ಬೈದಿರಲೂ ಇಲ್ಲ. 2014ರ ಅಕ್ಟೋಬರ್‌ನಲ್ಲಿ ಥಮ್ಮಸಾತ್ ವಿಶ್ವವಿದ್ಯಾಲಯದ ಒಂದು ವಿಚಾರ ಸಂಕಿರಣದಲ್ಲಿ, ಆ ರಾಜ ಆನೆಯ ಮೇಲೆ ಕೂತು ಶತ್ರು ಯುವರಾಜನ ಜೊತೆ ನೇರಾನೇರ ಕಾದಾಡಿ ಗೆದ್ದ ಅಂತಾರಲ್ಲ, ಅದು ನಡೆದದ್ದು ನಿಜವೇ ಅಂತ ಅನುಮಾನ ಎತ್ತಿದರು. ಅಷ್ಟೆ. ಇಬ್ಬರು ನಿವೃತ್ತ ಸೇನಾಧಿಕಾರಿಗಳು ದೂರು ಕೊಟ್ಟರು. ಕೇಸು ಮೂರು ವರ್ಷ ಅವರ ತಲೆಯ ಮೇಲೆ ತೂಗಾಡಿತು.

ಥಾಯ್ ಲೆಕ್ಕದ ಪ್ರಕಾರ ಆ ಆನೆ ಕಾಳಗ ನಡೆದದ್ದು 1593ರ ಜನವರಿ 18. ಕೇಸು ಬಿದ್ದದ್ದು 2018ರ ಜನವರಿ 17. ಅಂದರೆ 425 ವರ್ಷಕ್ಕೆ ಒಂದೇ ಒಂದು ದಿನ ಕಡಿಮೆ!

ಇವತ್ತು ಈ ರಾಜನ ಕಥೆ ಹೇಳುತ್ತೇನೆ. ಅದಕ್ಕೆ ಮೊದಲು ನಾನೊಂದು ತಪ್ಪು ಒಪ್ಪಿಕೊಳ್ಳಬೇಕಿದೆ.

ಕೆಲವು ವರ್ಷಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು ನಾನು ಈ ಕಥೆಯನ್ನು ನಿಮಗೆ ಹೇಳಿದ್ದೆ. ಹಿನ್ನೆಲೆಯಲ್ಲಿ ನಗಾರಿ, ಕಹಳೆ. ಗ್ರಾಫಿಕ್ಸ್‌ನಲ್ಲಿ ಎರಡು ಆನೆಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ನಾನು ದನಿ ಏರಿಸಿ, ಅಲ್ಲಲ್ಲಿ ತಡೆದು, ರಾಜ ಆಡಿದ ಮಾತನ್ನು ರಾಜನ ಹಾಗೆಯೇ ಆಡಿ ತೋರಿಸಿದ್ದೆ. ಎಪಿಸೋಡ್ ಚೆನ್ನಾಗಿ ಓಡಿತು. ಎಲ್ಲರೂ ಬೆನ್ನು ತಟ್ಟಿದರು.

ಹತ್ತು ದಿನ ಕಳೆದ ಮೇಲೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬರೆದವರು ಒಬ್ಬ ನಿವೃತ್ತ ಮೇಷ್ಟ್ರು. ಕೈಬರಹ ಮುತ್ತು ಪೋಣಿಸಿದ ಹಾಗಿತ್ತು. ಹೊಗಳಿಕೆ ಇಲ್ಲ, ಬೈಗುಳ ಇಲ್ಲ. ಎರಡೇ ಪ್ರಶ್ನೆ. 'ತಮ್ಮ ಕಥೆಯ ಪ್ರಕಾರ ರಾಜನ ಸೈನ್ಯವೆಲ್ಲ ಹಿಂದೆ ಉಳಿದುಬಿಟ್ಟಿತ್ತು. ಹಾಗಾದರೆ ಅವನು ಶತ್ರುವಿಗೆ ಹೇಳಿದ ಮಾತನ್ನು ಕೇಳಿಸಿಕೊಂಡವರು ಯಾರು? ಬರೆದಿಟ್ಟವರು ಯಾವಾಗ ಬರೆದಿಟ್ಟರು?'

ನಿಜ ಹೇಳ್ತೀನಿ, ನಾನು ನಕ್ಕು ಆ ಪತ್ರವನ್ನು ಡ್ರಾಯರ್‌ಗೆ ಹಾಕಿದೆ. ಮೇಷ್ಟ್ರುಗಳಿಗೆ ಬೇರೆ ಕೆಲಸ ಇಲ್ಲ ಅಂದುಕೊಂಡೆ. ಸುಲಕ್ ಅವರ ಕೇಸಿನ ಸುದ್ದಿ ನಮ್ಮ ಡೆಸ್ಕಿಗೆ ಬಂದ ದಿನ ಅದೇ ಪತ್ರ ನೆನಪಾಯಿತು. ಮೇಷ್ಟ್ರು ನನ್ನನ್ನು ಕೇಳಿದ ಪ್ರಶ್ನೆಯನ್ನೇ ಒಬ್ಬರು ತಮ್ಮ ದೇಶದಲ್ಲಿ ಕೇಳಿ ಮಿಲಿಟರಿ ಪ್ರಾಸಿಕ್ಯೂಟರ್ ಮುಂದೆ ನಿಂತಿದ್ದರು. ಅವತ್ತು ಡ್ರಾಯರ್ ತೆಗೆದೆ. ಆಮೇಲೆ ಓದೋಕೆ ಶುರು ಮಾಡಿದೆ.

ಮೊದಲು ಕಥೆ ಕೇಳಿ. ಥಾಯ್ಲೆಂಡಿನ ಪ್ರತಿ ಮಗುವೂ ಶಾಲೆಯಲ್ಲಿ ಕಲಿಯುವ ಕಥೆ.

ರಾಜನ ಹೆಸರು ನರೇಸುವನ್. ಥಾಯ್ ಲಿಪಿಯಲ್ಲಿ ಬರೆಯುವುದನ್ನು ಅಕ್ಷರಕ್ಕೆ ಅಕ್ಷರ ಓದಿದರೆ 'ನರೇಶ್ವರ'. ಅವನ ರಾಜಧಾನಿ ಅಯುತ್ಥಯ, ಅಂದರೆ ನಮ್ಮ ಅಯೋಧ್ಯೆ. ಅವನು ಹುಟ್ಟಿದ್ದು 1555ರಲ್ಲಿ ಫಿತ್ಸನುಲೋಕ್ ಎಂಬ ಊರಿನಲ್ಲಿ, ಅಂದರೆ ವಿಷ್ಣುಲೋಕ. ಅಪ್ಪ ಮಹಾ ಥಮ್ಮರಾಚ, ಅಂದರೆ ಮಹಾ ಧರ್ಮರಾಜ. ತಮ್ಮನ ಹೆಸರು ಎಕಥೋತ್ಸರೋತ್, ಬಿಡಿಸಿದರೆ ಏಕಾದಶರಥ. ಶತ್ರುವಿನ ರಾಜಧಾನಿ ಬರ್ಮಾದ ಪೆಗು. ಥಾಯ್ ಜನ ಅದನ್ನು ಹೋಂಗ್ಸಾವದಿ ಅಂತಾರೆ, ಅಂದರೆ ಹಂಸಾವತಿ. ಶತ್ರು ಯುವರಾಜನ ಪದವಿ ಮಹಾ ಉಪರಾಜ. ಆನೆ ಮೇಲಿನ ಕಾಳಗಕ್ಕೆ ಅವರಲ್ಲಿರುವ ಪದ 'ಯುತ್ಥಹತ್ತಿ'. ಯುದ್ಧಹಸ್ತಿ! ಸಂಸ್ಕೃತವೂ ಪಾಳಿಯೂ ಸಮುದ್ರ ದಾಟಿ ಹೋಗಿ ಅಲ್ಲಿನ ನಾಲಿಗೆಗೆ ಒಗ್ಗಿಕೊಂಡ ರೀತಿ ಇದು. ಹೆಸರುಗಳು ನಮಗೆ ಅಷ್ಟು ಪರಿಚಿತವಾದ್ದರಿಂದಲೇ ಏನೋ, ಕಥೆಯನ್ನೂ ನಮ್ಮ ಪುರಾಣದ ಹಾಗೆ ನಂಬಿಬಿಡುವುದು ಸುಲಭ.

ಆ ಕಾಲಕ್ಕೆ ಬರ್ಮಾದಲ್ಲಿ ಬಯಿನ್ನೌಂಗ್ ಎಂಬ ಮಹಾ ದಂಡಯಾತ್ರಿಕ ಇದ್ದ. ಆಗ್ನೇಯ ಏಷ್ಯಾ ಕಂಡ ಅತಿ ದೊಡ್ಡ ಸಾಮ್ರಾಜ್ಯ ಕಟ್ಟಿದವನು. 1563-64ರ ಯುದ್ಧದಲ್ಲಿ ಫಿತ್ಸನುಲೋಕ್ ಅವನ ಕೈಸೇರಿತು. ಹುಡುಗ ನರೇಸುವನ್‌ನನ್ನು ಒತ್ತೆಯಾಳಾಗಿ ಪೆಗುವಿಗೆ ಕರೆದೊಯ್ದರು. ಆಗ ಅವನಿಗೆ ಸುಮಾರು ಒಂಬತ್ತು ವರ್ಷ. 1569ರಲ್ಲಿ ಅಯುತ್ಥಯವೂ ಬಿತ್ತು. ಅವನ ಅಪ್ಪನನ್ನೇ ಅಲ್ಲಿ ಸಾಮಂತ ರಾಜನಾಗಿ ಕೂರಿಸಿದರು. ಆಮೇಲೆ ನರೇಸುವನ್‌ನ ಅಕ್ಕ ಸುಫನ್‌ಕನ್ಲಯ ಬಯಿನ್ನೌಂಗನ ಅಂತಃಪುರ ಸೇರಿದಳು, ಹುಡುಗ ಊರಿಗೆ ಮರಳಿದ. ಅಕ್ಕನನ್ನು ಕೊಟ್ಟು ತಮ್ಮನನ್ನು ಬಿಡಿಸಿಕೊಂಡರು ಅಂತ ಜನ ಇವತ್ತಿಗೂ ಹೇಳ್ತಾರೆ.

ಪೆಗುವಿನಲ್ಲಿದ್ದ ಆ ವರ್ಷಗಳ ಬಗ್ಗೆ ಜನ ಇನ್ನೊಂದು ಕಥೆ ಹೇಳ್ತಾರೆ, ಕೋಳಿ ಅಂಕದ್ದು. ನರೇಸುವನ್‌ನ ಹುಂಜ ಬರ್ಮಾ ಯುವರಾಜನ ಹುಂಜವನ್ನು ಸೋಲಿಸಿತಂತೆ. 'ಒತ್ತೆಯಾಳಿನ ಕೋಳಿಗೆ ಭಾರೀ ಪೊಗರು' ಅನ್ನೋ ಅರ್ಥದ ಮಾತನ್ನು ಯುವರಾಜ ಆಡಿದನಂತೆ. 'ಈ ಕೋಳಿಯ ಮೇಲೆ ರಾಜ್ಯವನ್ನೇ ಪಣಕ್ಕಿಟ್ಟು ಆಡಬಹುದು' ಅಂತ ಹುಡುಗ ತಿರುಗಿ ಹೇಳಿದನಂತೆ. ಇವತ್ತಿಗೂ ಥಾಯ್ಲೆಂಡಿನಲ್ಲಿ ನರೇಸುವನ್‌ನ ಪ್ರತಿಮೆ ಇರುವ ಕಡೆ ಹೋಗಿ ನೋಡಿ. ಕಾಲ ಬಳಿ ಸಾಲುಸಾಲಾಗಿ ಹುಂಜದ ಬೊಂಬೆಗಳು. ಹರಕೆ ತೀರಿದವರು ತಂದು ಇಟ್ಟು ಹೋಗ್ತಾರೆ.

1581ರಲ್ಲಿ ಬಯಿನ್ನೌಂಗ್ ತೀರಿಕೊಂಡ. ಮಗ ನಂದ ಬಯಿನ್ ಪಟ್ಟಕ್ಕೆ ಬಂದ. 1584ರಲ್ಲಿ ನರೇಸುವನ್ ಚಿನ್ನದ ಪಾತ್ರೆಯಿಂದ ನೆಲಕ್ಕೆ ನೀರು ಸುರಿದು, ಇನ್ನು ಮೇಲೆ ಅಯುತ್ಥಯಕ್ಕೂ ಹಂಸಾವತಿಗೂ ಸಂಬಂಧ ಇಲ್ಲ ಅಂತ ಸಾರಿದನಂತೆ. ಅಲ್ಲಿಂದ ವಾಪಸು ಬರುವಾಗ ಬೆನ್ನಟ್ಟಿ ಬಂದ ಬರ್ಮಾದ ಸೇನಾಪತಿಯನ್ನು ಸಿತ್ತಾಂಗ್ ನದಿಯ ಈ ದಡದಿಂದ ಕೋವಿ ಹಾರಿಸಿ, ಆ ದಡದಲ್ಲಿ ಆನೆ ಮೇಲಿದ್ದವನನ್ನು ಉರುಳಿಸಿದನಂತೆ. ಇನ್ನೊಂದು ಯುದ್ಧದಲ್ಲಿ ಕತ್ತಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಶತ್ರು ಪಾಳೆಯದ ಬೇಲಿ ಹತ್ತಿದನಂತೆ. ಒಂದೊಂದೂ ಒಂದೊಂದು ಸಿನಿಮಾ ದೃಶ್ಯ.

ಆಮೇಲೆ ಬರುತ್ತೆ ಆನೆ ಕಾಳಗ. 1590ರಲ್ಲಿ ನರೇಸುವನ್ ಪಟ್ಟವೇರಿದ. ಎರಡು ವರ್ಷ ಕಳೆಯುವಷ್ಟರಲ್ಲಿ ನಂದ ಬಯಿನ್‌ನ ಮಗ, ಯುವರಾಜ ಮಿಂಗ್ಯಿ ಸ್ವಾ ದೊಡ್ಡ ಸೈನ್ಯ ಕಟ್ಟಿಕೊಂಡು ಹೊರಟ. ಇಬ್ಬರೂ ಪೆಗುವಿನ ಅರಮನೆಯಲ್ಲಿ ಒಟ್ಟಿಗೆ ಬೆಳೆದವರು. ನಾಂಗ್ ಸರಾಯ್ ಎಂಬಲ್ಲಿ ಸೈನ್ಯಗಳು ಎದುರಾದವು. ನರೇಸುವನ್‌ನ ಪಟ್ಟದಾನೆ ಚೈಯಾನುಫಾಪ್, ಜಯಾನುಭಾವ ಅನ್ನೋಣ, ಮದವೇರಿತ್ತು. ಶತ್ರುವನ್ನು ಕಂಡದ್ದೇ ಓಡಿತು. ತಮ್ಮನ ಆನೆಯೂ ಜೊತೆಗೆ ಓಡಿತು. ಸೈನ್ಯ ಹಿಂದೆ ಉಳಿಯಿತು. ಧೂಳು ಅಡಗಿದಾಗ ಅಣ್ಣತಮ್ಮಂದಿರಿಬ್ಬರೂ ಶತ್ರುಗಳ ನಟ್ಟನಡುವೆ. ಸುತ್ತಲೂ ಬರ್ಮಾ ಸೈನ್ಯ. ಎದುರಿಗೆ ಮರದ ನೆರಳಿನಲ್ಲಿ ಆನೆ ಮೇಲೆ ಯುವರಾಜ.

ಆಗ ನರೇಸುವನ್ ಹೆದರಲಿಲ್ಲ. ಅಣ್ಣಾ ಅಂತ ಕರೆದ. ನೆರಳಲ್ಲಿ ಯಾಕೆ ನಿಂತಿದ್ದೀಯ, ಈಚೆ ಬಾ, ಇಬ್ಬರೂ ಆನೆ ಮೇಲೆ ಕಾದಾಡೋಣ, ಇನ್ನು ಮುಂದೆ ಇಂಥ ಕಾಳಗ ಮಾಡುವ ರಾಜರು ಹುಟ್ಟೋದಿಲ್ಲ ಅಂದ. ಮರ್ಯಾದೆಯ ಮಾತು. ಯುವರಾಜ ಬಂದ. ಬೀಸಿದ. ನರೇಸುವನ್ ಬಗ್ಗಿದ, ಚರ್ಮದ ಟೋಪಿಯಷ್ಟೇ ತುಂಡಾಯಿತು. ತಿರುಗಿ ನರೇಸುವನ್ ಬೀಸಿದ ಪೆಟ್ಟಿಗೆ ಯುವರಾಜನ ಹೆಗಲೇ ಸೀಳಿತು. ಆನೆಯ ಕತ್ತಿನ ಮೇಲೆಯೇ ಪ್ರಾಣ ಹೋಯಿತು.

ಇದನ್ನೇ ನಾನು ಹೇಳಿದ್ದು. ನಗಾರಿ ಸಮೇತ.

ಈಗ ಮೇಷ್ಟ್ರ ಪ್ರಶ್ನೆಗೆ ಬನ್ನಿ. ಕೇಳಿಸಿಕೊಂಡವರು ಯಾರು? ಬರೆದದ್ದು ಯಾವಾಗ?

1767ರಲ್ಲಿ ಬರ್ಮಾದ ಸೈನ್ಯ ಅಯುತ್ಥಯವನ್ನು ಸುಟ್ಟುಹಾಕಿತು. ಅರಮನೆ ಹೋಯಿತು, ಮಠಗಳು ಹೋದವು, ಓಲೆ ಕಡತಗಳೂ ಹೋದವು. ಇವತ್ತು ನಾವು ಕೇಳುವ ಉದ್ದದ ಕಥೆ, ಮರದ ನೆರಳು, ಸವಾಲಿನ ಮಾತು, ಎಲ್ಲವೂ ಬರುವುದು ಆ ನಾಶದ ನಂತರ ಬ್ಯಾಂಕಾಕ್‌ನಲ್ಲಿ ಮತ್ತೆ ಬರೆಸಿದ ರಾಜ ಇತಿವೃತ್ತಗಳಲ್ಲಿ. ಅವುಗಳಲ್ಲಿ ಮುಖ್ಯವಾದ ಒಂದು 1795ರದ್ದು. ಲೆಕ್ಕ ಹಾಕಿ. ಕಾಳಗ 1593ರಲ್ಲಿ. ಸಂಭಾಷಣೆ ಬರೆದದ್ದು ಎರಡು ಶತಮಾನದ ನಂತರ.

ಅದಕ್ಕಿಂತ ಹಳೆಯದು ಏನೂ ಇಲ್ಲವಾ? ಇದೆ. 1907ರಲ್ಲಿ ಲುವಾಂಗ್ ಪ್ರಸೋತ್ ಎಂಬ ಅಧಿಕಾರಿಗೆ ಒಬ್ಬ ಸಾಮಾನ್ಯರ ಮನೆಯಲ್ಲಿ ಒಂದು ಹಸ್ತಪ್ರತಿ ಸಿಕ್ಕಿತು. 1680ರಲ್ಲಿ, ನಾರಾಯ್ ಎಂಬ ರಾಜನ ಕಾಲದಲ್ಲಿ ಬರೆಸಿದ ಇತಿವೃತ್ತ ಅದು. ಹುಡುಕಿದವರ ಹೆಸರಲ್ಲೇ ಇವತ್ತು ಅದು ಪ್ರಸಿದ್ಧ. ಅದರಲ್ಲಿ ಈ ಕಾಳಗಕ್ಕೆ ಸಿಕ್ಕ ಜಾಗ ಕೆಲವೇ ಸಾಲು. ಏನಿದೆ ಅದರಲ್ಲಿ? ನಾಂಗ್ ಸರಾಯ್‌ನಲ್ಲಿ ಯುದ್ಧವಾಯಿತು. ಮುಹೂರ್ತ ಸ್ವಲ್ಪ ತಪ್ಪಿತ್ತು. ಆನೆಗಳು ಡಿಕ್ಕಿಯಾದವು. ರಾಜನ ಬಲಗೈಗೆ ಗುಂಡು ತಾಗಿ ಚೂರು ಗಾಯವಾಯಿತು. ಯುವರಾಜನ ಟೋಪಿ ನೆಲಕ್ಕೆ ಬಿದ್ದು, ಅದನ್ನೆತ್ತಿ ಮತ್ತೆ ಹಾಕಿಕೊಂಡ. ಆನೆಯ ಕತ್ತಿನ ಮೇಲೆಯೇ ಯುವರಾಜ ಸತ್ತ. ಇಷ್ಟೆ.

ನೆರಳು ಇಲ್ಲ. ಸವಾಲು ಇಲ್ಲ. ಅಣ್ಣ ಎಂಬ ಕರೆ ಇಲ್ಲ. ಒಂದು ತಮಾಷೆ ಗಮನಿಸಿದಿರಾ? ಹಳೆಯ ಬರಹದಲ್ಲಿ ಬಿದ್ದದ್ದು ಯುವರಾಜನ ಟೋಪಿ. ಹೊಸ ಕಥೆಯಲ್ಲಿ ತುಂಡಾಗಿದ್ದು ರಾಜನ ಟೋಪಿ. ನೂರು ವರ್ಷದಲ್ಲಿ ಟೋಪಿ ಒಂದು ತಲೆಯಿಂದ ಇನ್ನೊಂದು ತಲೆಗೆ ಹೋಗಿದೆ. ಕನ್ನಡದಲ್ಲಿ ಟೋಪಿ ಹಾಕೋದು ಅಂದರೆ ಏನು ಅಂತ ನಿಮಗೆ ಗೊತ್ತು. ಇಲ್ಲಿ ಯಾರೂ ಬೇಕಂತ ಟೋಪಿ ಹಾಕಿದರು ಅಂತ ನಾನು ಹೇಳ್ತಿಲ್ಲ. ಬಾಯಿಂದ ಬಾಯಿಗೆ ಹೋಗುವ ಕಥೆ ಹೀಗೇ ಬದಲಾಗುತ್ತೆ.

ಇನ್ನು ಶತ್ರುಪಾಳೆಯದವರು ಏನು ಬರೆದರು? ಬರ್ಮಾದ ಇತಿವೃತ್ತ ಬೇರೆಯದೇ ಚಿತ್ರ ಕೊಡುತ್ತೆ. ಅವರ ಕಡೆಯ ಮದವೇರಿದ ಆನೆಯೊಂದು ಸಯಾಮಿನವರ ಮೇಲೆ ನುಗ್ಗುವ ಬದಲು ತಿರುಗಿ ತಮ್ಮ ಯುವರಾಜನ ಆನೆಯ ಮೇಲೇ ಬಿತ್ತು. ಆ ಗಲಾಟೆಯಲ್ಲಿ ಎಲ್ಲಿಂದಲೋ ಬಂದ ಗುಂಡು ತಾಗಿ ಯುವರಾಜ ಸತ್ತ. ಅಂದರೆ ಅವರ ಪ್ರಕಾರ ಕೊಂದದ್ದು ರಾಜನ ಆಯುಧವಲ್ಲ, ಕೋವಿ. ಹಾಗಂತ ಬರ್ಮಾದವರು ಬರೆದದ್ದೇ ವೇದವಾಕ್ಯ ಅಂತ ತಿಳಿಯಬೇಡಿ. ಸೋತವರಿಗೂ ಅವರದೇ ಲೆಕ್ಕಾಚಾರ ಇರುತ್ತೆ. ನಮ್ಮ ಯುವರಾಜ ಕಾಳಗದಲ್ಲಿ ಸೋತ ಅನ್ನೋದಕ್ಕಿಂತ, ದುರದೃಷ್ಟಕ್ಕೆ ಗುಂಡು ತಾಗಿತು ಅನ್ನೋದು ಸಮಾಧಾನದ ಮಾತು.

ಆದರೆ ಎರಡೂ ಕಡೆಯ ಹಳೆಯ ಬರಹ ಒಂದು ವಿಷಯದಲ್ಲಿ ಒಂದಾಗುತ್ತೆ ನೋಡಿ. ಅವತ್ತು ಆ ಮೈದಾನದಲ್ಲಿ ಕೋವಿಗಳು ಹಾರುತ್ತಿದ್ದವು. ಒಬ್ಬರಲ್ಲಿ ಗುಂಡು ತಾಗಿದ್ದು ರಾಜನ ಕೈಗೆ, ಇನ್ನೊಬ್ಬರಲ್ಲಿ ಯುವರಾಜನಿಗೆ. ಆ ಕಾಲಕ್ಕೆ ಪೋರ್ಚುಗೀಸ್ ಬಾಡಿಗೆ ಸಿಪಾಯಿಗಳು ಬರ್ಮಾದಲ್ಲೂ ಇದ್ದರು, ಸಯಾಮಿನಲ್ಲೂ ಇದ್ದರು. ಆದರೆ ನಾವು ಕೇಳುವ ಕಥೆಯಲ್ಲಿ ಕೋವಿಗಳೆಲ್ಲ ಮೌನ. ಎರಡು ಆನೆ, ಇಬ್ಬರು ವೀರರು, ಸುತ್ತ ಉಸಿರು ಬಿಗಿಹಿಡಿದ ಸೈನ್ಯ. ವೀರಕಥೆಗೆ ಕೋವಿ ಒಗ್ಗೋದಿಲ್ಲ.

ಬಾರೆಂಡ್ ಟೆರ್ವೀಲ್ ಎಂಬ ವಿದ್ವಾಂಸರು 2013ರಲ್ಲಿ ಈ ಯುದ್ಧದ ಹತ್ತು ಬೇರೆಬೇರೆ ವಿವರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಸಯಾಮಿನವು, ಬರ್ಮಾದ್ದು, ಯುರೋಪಿನವರು ಬರೆದವು, ಒಂದು ಪರ್ಷಿಯನ್ ಬರಹ. ಒಂದಕ್ಕೊಂದು ತಾಳೆಯಾಗೋದಿಲ್ಲ. ಎಲ್ಲರೂ ಒಪ್ಪುವುದು ಇಷ್ಟು. ಯುದ್ಧವಾಯಿತು, ಯುವರಾಜ ಸತ್ತ, ಬರ್ಮಾದ ಸೈನ್ಯ ವಾಪಸು ಹೋಯಿತು.

ಹಾಗಾದರೆ ಆ ಚಿತ್ರ ನಮ್ಮ ಕಣ್ಣಿಗೆ ಕಟ್ಟಿದ ಹಾಗೆ ನಿಂತದ್ದು ಹೇಗೆ? ಅದಕ್ಕೂ ಒಂದು ಇತಿಹಾಸ ಇದೆ. 20ನೇ ಶತಮಾನದ ಆರಂಭದಲ್ಲಿ ರಾಜಕುಮಾರ ದಮ್ರೋಂಗ್ ಎಂಬವರು ಥಾಯ್-ಬರ್ಮಾ ಯುದ್ಧಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಆಧುನಿಕ ಥಾಯ್ ಇತಿಹಾಸದ ಪಿತಾಮಹ ಅಂತ ಕರೆಸಿಕೊಂಡವರು. ಅವರ ಮುತುವರ್ಜಿಯಲ್ಲೇ 1913ರಲ್ಲಿ ಸುಫನ್ ಬುರಿಯಲ್ಲಿ, ಅಂದರೆ ಸುವರ್ಣಪುರಿಯಲ್ಲಿ, ಕಾಡಿನೊಳಗೆ ಒಂದು ಪಾಳುಬಿದ್ದ ಸ್ತೂಪ ಪತ್ತೆಯಾಯಿತು. ಕಾಳಗ ನಡೆದದ್ದು ಇಲ್ಲೇ ಅಂದರು. ಅಲ್ಲ, ನಮ್ಮ ಜಿಲ್ಲೆಯಲ್ಲಿ ಅಂತ ಪಕ್ಕದ ಕಾಂಚನಬುರಿಯವರೂ ಹೇಳ್ತಾರೆ, ಆ ವಾದ ಮುಗಿದಿಲ್ಲ. ಆಮೇಲೆ ಅಯುತ್ಥಯದ ಸುವನ್ನದಾರಾಮ ದೇವಾಲಯದ ಗೋಡೆಗಳ ಮೇಲೆ ನರೇಸುವನ್ ಕಥೆಯ ಚಿತ್ರಗಳು ಬಂದವು. ಆ ಚಿತ್ರಗಳೇ ಪಠ್ಯಪುಸ್ತಕಕ್ಕೆ ಹೋದವು. 1950ರ ದಶಕದಲ್ಲಿ ಹಳೆಯ ಸ್ತೂಪದ ಮೇಲೆ ಹೊಸ ಮಹಾಸ್ತೂಪ ಎದ್ದಿತು, ಎದುರಿಗೆ ಆನೆ ಮೇಲಿನ ರಾಜನ ಪ್ರತಿಮೆ. ಅದೇ ಡಾನ್ ಚೇಡಿ. 1959ರಲ್ಲಿ ಉದ್ಘಾಟನೆಯಾಯಿತು.

ಕಾಳಗ ನಡೆದ ದಿನವೇ ಥಾಯ್ ಸಶಸ್ತ್ರ ಪಡೆಗಳ ದಿನಾಚರಣೆ. ಮೊದಲು ಜನವರಿ 25 ಅಂತ ಲೆಕ್ಕ ಹಾಕಿದ್ದರು. ಆಮೇಲೆ ಪಂಚಾಂಗ ಮತ್ತೆ ಗುಣಿಸಿ ನೋಡಿ ಜನವರಿ 18 ಅಂತ ಬದಲಾಯಿಸಿದರು. ನೋಡಿ, ತಾರೀಖು ತಪ್ಪಿತ್ತು ಅಂತ ಸರ್ಕಾರವೇ ಒಪ್ಪಿಕೊಂಡು ತಿದ್ದಬಹುದು. ಕಥೆಯಲ್ಲಿ ತಪ್ಪಿರಬಹುದಾ ಅಂತ ಒಬ್ಬ ಪ್ರಜೆ ಕೇಳಿದರೆ ಮಾತ್ರ ಕೇಸು!

ಇನ್ನು 2014. ಮೇ 22ಕ್ಕೆ ಸೇನೆ ದಂಗೆಯೆದ್ದು ಸರ್ಕಾರವನ್ನು ಕಿತ್ತುಹಾಕಿತು. ಅದರ ಬೆನ್ನಿಗೇ ನರೇಸುವನ್ ಚಿತ್ರಸರಣಿಯ ಐದನೇ ಭಾಗ ತೆರೆಗೆ ಬಂತು. ಹೆಸರೇ 'ಯುತ್ಥಹತ್ತಿ'. ನಿರ್ದೇಶಕರು ರಾಜಮನೆತನದ ಚಾಟ್ರಿಚಲೆರ್ಮ್ ಯುಕೋಲ್. ನರೇಸುವನ್ ಪಾತ್ರ ಮಾಡಿದ್ದು ನಿಜವಾದ ಸೇನಾಧಿಕಾರಿ. 'ಜನರಿಗೆ ಸಂತೋಷ ಮರಳಿಸುತ್ತೇವೆ' ಅಂತ ಒಂದು ಅಭಿಯಾನ ಶುರು ಮಾಡಿದ್ದ ಮಿಲಿಟರಿ ಸರ್ಕಾರ, ಜೂನ್ 15ರಂದು ದೇಶದಾದ್ಯಂತ ಆ ಸಿನಿಮಾವನ್ನು ಪುಕ್ಕಟೆ ತೋರಿಸಿತು. ಚುನಾಯಿತ ಸರ್ಕಾರ ಹೋಯಿತು, ಸಿನಿಮಾ ಟಿಕೆಟ್ ಬಂತು. ಸುಲಕ್ ಅವರು ಪ್ರಶ್ನೆ ಎತ್ತಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಈಗ ಅರ್ಥ ಆಯ್ತಾ? ಪ್ರಶ್ನೆ 1593ರದ್ದು. ಚುಚ್ಚಿದ್ದು 2014ಕ್ಕೆ.

ಕಲಂ 112ರಲ್ಲಿ ಬರೆದಿರುವುದು ರಾಜ, ರಾಣಿ, ಯುವರಾಜ, ರಾಜಪ್ರತಿನಿಧಿ ಅಂತ. ಸತ್ತ ರಾಜರ ಮಾತು ಅದರಲ್ಲಿಲ್ಲ. ಆದರೆ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಿಂದಿನ ರಾಜರಿಗೂ ಇದು ಅನ್ವಯಿಸುತ್ತದೆ ಅಂತ ತೀರ್ಪು ಕೊಟ್ಟಿತ್ತು. ಅದು 19ನೇ ಶತಮಾನದ ರಾಜ ಮೊಂಗ್ಕುಟ್‌ಗೆ ಸಂಬಂಧಿಸಿದ ಕೇಸು. ಬಾಗಿಲು ಅಲ್ಲಿ ತೆರೆಯಿತು. ಕೊನೆಗೆ ಸುಲಕ್ ಅವರನ್ನು ಬಿಟ್ಟದ್ದು ಸಾಕ್ಷ್ಯ ಸಾಲದು ಅಂತ. ರಾಜರ ಕೃಪೆಯಿಂದ ಬಚಾವಾದೆ ಅಂತ ಅವರೇ ಹೇಳಿಕೊಂಡರು. ಗಮನಿಸಿ. ಇತಿಹಾಸವನ್ನು ಪ್ರಶ್ನಿಸುವುದು ಅಪರಾಧವಲ್ಲ ಅಂತ ಯಾವ ನ್ಯಾಯಾಲಯವೂ ಹೇಳಲಿಲ್ಲ. ಮುದುಕರು ಪಾರಾದರು. ಪ್ರಶ್ನೆ ಪಾರಾಗಲಿಲ್ಲ.

'ಸ್ವಾಮೀ, ಒಂದು ಹಳೇ ಕಥೆ ತಾನೇ, ಜನ ನಂಬಿಕೊಂಡು ಖುಷಿಯಾಗಿದ್ದರೆ ನಿಮಗೇನು ಕಷ್ಟ?' ಅಂತ ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೆ ಉತ್ತರ ಕಾಂಬೋಡಿಯಾದಲ್ಲಿದೆ.

1594ರಲ್ಲಿ ನರೇಸುವನ್ ಕಾಂಬೋಡಿಯಾದ ರಾಜಧಾನಿ ಲೋವೆಕ್ ಅನ್ನು ಗೆದ್ದ. ಇದು ಖಚಿತ ಇತಿಹಾಸ. ಥಾಯ್ ರಾಜ ಇತಿವೃತ್ತ ಮುಂದುವರಿದು ಹೇಳುತ್ತೆ, ಕಾಂಬೋಡಿಯಾದ ರಾಜನ ತಲೆ ಕಡಿಸಿ, ಆ ರಕ್ತದಲ್ಲಿ ನರೇಸುವನ್ ಕಾಲು ತೊಳೆದುಕೊಂಡ ಅಂತ. ಭಯಂಕರ ದೃಶ್ಯ. ಆದರೆ ಆ ರಾಜ, ಅವನ ಹೆಸರು ಸಾಥಾ, ಅವತ್ತು ಸಾಯಲೇ ಇಲ್ಲ. ರಾಜಧಾನಿ ಬೀಳುವ ಮೊದಲೇ ತಪ್ಪಿಸಿಕೊಂಡು ಉತ್ತರಕ್ಕೆ, ಲಾವೋಸ್ ಕಡೆಗೆ ಓಡಿದ. ಸತ್ತದ್ದೂ ಅಲ್ಲೇ. ಇದನ್ನು ಬರೆದಿಟ್ಟವರು ಆ ಹೊತ್ತಿನಲ್ಲಿ ಕಾಂಬೋಡಿಯಾದ ವ್ಯವಹಾರದಲ್ಲಿ ಮುಳುಗಿದ್ದ ಸ್ಪೇನಿನವರು.

ನಡೆಯದ ಒಂದು ರಕ್ತಸ್ನಾನ. ಅದನ್ನು ಹೆಮ್ಮೆಯಿಂದ ಕೇಳುವವರು ಗಡಿಯ ಈಚೆ, ಅವಮಾನ ಅಂತ ಕುದಿಯುವವರು ಗಡಿಯ ಆಚೆ. ಆ ಗಡಿಯಲ್ಲಿ ಒಂದು ಹಳೆಯ ಶಿವ ದೇವಾಲಯಕ್ಕಾಗಿ, ಪ್ರೇಹ್ ವಿಹಾರಕ್ಕಾಗಿ, 2008ರಿಂದ 2011ರವರೆಗೆ ಎರಡು ಸೈನ್ಯಗಳು ಗುಂಡು ಹಾರಿಸಿಕೊಂಡವು. ಆ ಜಗಳಕ್ಕೆ ಕಾರಣ ನೂರಾರು, ಕಥೆಯೊಂದೇ ಅಲ್ಲ. ಆದರೆ ಹುಡುಗರು ಬಂದೂಕು ಹಿಡಿದು ನಿಲ್ಲುವಾಗ ಅವರ ಮನಸ್ಸಿನಲ್ಲಿ ಪಕ್ಕದ ದೇಶದವನು ಯಾರಾಗಿರುತ್ತಾನೆ ಅನ್ನೋದನ್ನು ಇಂಥ ಕಥೆಗಳೇ ಬರೆದಿಟ್ಟಿರುತ್ತವೆ. ಕಥೆಗೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ಯಾರೋ ಒಬ್ಬರು ಅದರ ಬೆಲೆ ಕಟ್ಟುತ್ತಾರೆ.

ಹಾಗಾದರೆ ನರೇಸುವನ್ ಸುಳ್ಳಾ? ಖಂಡಿತ ಅಲ್ಲ. ಒತ್ತೆಯಾಳಾಗಿ ಬೆಳೆದ ಹುಡುಗ ತನ್ನನ್ನು ಬೆಳೆಸಿದ ಸಾಮ್ರಾಜ್ಯದಿಂದಲೇ ಬಿಡಿಸಿಕೊಂಡದ್ದು ನಿಜ. ಒಂದಾದ ಮೇಲೊಂದು ಬಂದ ದಂಡುಗಳನ್ನು ತಡೆದದ್ದು ನಿಜ. ಶತ್ರುವಿನ ಯುವರಾಜ ಆ ಮೈದಾನದಲ್ಲಿ ಸತ್ತದ್ದು ನಿಜ. ಆಮೇಲೆ ಅವನೇ ಪೆಗುವಿನ ಮೇಲೆ ದಂಡೆತ್ತಿ ಹೋದದ್ದು ನಿಜ. 1605ರಲ್ಲಿ ಶಾನ್ ಸೀಮೆಯ ಕಡೆ ದಂಡಯಾತ್ರೆಯಲ್ಲಿರುವಾಗಲೇ ಕಾಯಿಲೆ ಬಿದ್ದು ತೀರಿಕೊಂಡದ್ದು ನಿಜ. ಇಷ್ಟು ಸಾಲದಾ ಒಬ್ಬ ರಾಜ ದೊಡ್ಡವನಾಗೋಕೆ? ಸಂಭಾಷಣೆ ಕಿತ್ತುಹಾಕಿದರೆ ಅವನು ಕುಗ್ಗಿಬಿಡ್ತಾನಾ? ಹಾಗೆ ಕುಗ್ಗುತ್ತಾನೆ ಅಂತ ಹೆದರುವವರಿಗೆ ನಿಜವಾಗಿ ಅವನ ಮೇಲೆ ನಂಬಿಕೆ ಇಲ್ಲ ಅಂತ ನನಗನ್ನಿಸುತ್ತೆ.

ಜಾನಪದವನ್ನು ನಾನು ಕೀಳಾಗಿ ನೋಡ್ತಿಲ್ಲ. ಹರಕೆ ಹೊತ್ತು ಹುಂಜದ ಬೊಂಬೆ ತಂದಿಡುವ ಹೆಂಗಸಿನ ಹತ್ತಿರ ಹೋಗಿ, ಅಮ್ಮಾ, ಕೋಳಿ ಅಂಕಕ್ಕೆ ದಾಖಲೆ ಎಲ್ಲಿದೆ ಅಂತ ಕೇಳುವವನು ಮೂರ್ಖ. ಆಕೆ ಇತಿಹಾಸ ಹೇಳ್ತಿಲ್ಲ, ನಂಬಿಕೆ ಇಟ್ಟಿದ್ದಾಳೆ. ಒತ್ತೆಯಾಳಾಗಿದ್ದ ಹುಡುಗನೂ ಒಂದು ದಿನ ಗೆಲ್ಲಬಹುದು ಅನ್ನೋ ಆಸೆ ಆ ಬೊಂಬೆಯಲ್ಲಿದೆ. ಆಕೆ ಯಾರನ್ನೂ ಜೈಲಿಗೆ ಕಳಿಸೋದಿಲ್ಲ. ಹುಂಜದ ಬೊಂಬೆಗೆ ಪೊಲೀಸ್ ಠಾಣೆ ಬೇಕಾಗಿಲ್ಲ. ಕಥೆ ಕಥೆಯಾಗಿ ಇರುವವರೆಗೆ ಅದು ಎಲ್ಲರದ್ದು. ಅದನ್ನು ಇತಿಹಾಸ ಅಂತ ಘೋಷಿಸಿ, ಕಾವಲಿಗೆ ಕಾನೂನು ನಿಲ್ಲಿಸಿದ ಮೇಲೆ ಅದು ಅಧಿಕಾರದಲ್ಲಿ ಇರುವವರದ್ದು.

ಈಗ ನನ್ನ ವಿಷಯ. ನಾನು ಕಾನೂನು ಮಾಡಿಲ್ಲ, ಯಾರ ಮೇಲೂ ದೂರು ಕೊಟ್ಟಿಲ್ಲ. ಆದರೆ ಲಕ್ಷಾಂತರ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ, ಎರಡು ಶತಮಾನ ಕಳೆದ ಮೇಲೆ ಬರೆದ ಮಾತನ್ನು ರಾಜನೇ ಆಡಿದ ಮಾತು ಅಂತ ಹೇಳಿದೆ. 'ಎಂದು ಕಥೆ ಹೇಳುತ್ತದೆ' ಅಂತ ಸೇರಿಸಬೇಕಿತ್ತು. ಅದು ಒಂದು ಕ್ಷಣದ ಕೆಲಸ. ಸ್ಕ್ರಿಪ್ಟಿನಲ್ಲಿ ಅದು ಇತ್ತು ಕೂಡ. ಓಟಕ್ಕೆ ಅಡ್ಡ ಬರುತ್ತೆ ಅಂತ ನಾನೇ ಪೆನ್ನಿನಲ್ಲಿ ಹೊಡೆದುಹಾಕಿದ್ದೆ. ಅದು ನನಗೆ ಚೆನ್ನಾಗಿ ನೆನಪಿದೆ.

ಮೇಷ್ಟ್ರಿಗೆ ಉತ್ತರ ಬರೆದೆ. 'ಕೇಳಿಸಿಕೊಂಡವರು ಯಾರೂ ಇಲ್ಲ ಸಾರ್. ಬರೆದದ್ದು ಇನ್ನೂರು ವರ್ಷದ ಮೇಲೆ. ನಾನು ವಿಚಾರಿಸದೆ ಹೇಳಿದೆ, ತಪ್ಪಾಯಿತು' ಅಂತ. ತಡವಾಗಿತ್ತು. ಪತ್ರ ವಿಳಾಸದಾರರಿಲ್ಲ ಅಂತ ವಾಪಸು ಬಂತು. ಅದನ್ನೂ ಅವರ ಪತ್ರದ ಜೊತೆಗೇ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.

ಅವರಿಗೆ ಹೇಳಬೇಕಾಗಿದ್ದನ್ನು ಇವತ್ತು ನಿಮಗೆ ಹೇಳಿದೆ. ಇನ್ನು ಮುಂದೆ ನಾನು ಇಲ್ಲಿ ಕೂತು ಯಾವುದೇ ರಾಜನ ಮಾತನ್ನು ರಾಜನ ಗತ್ತಿನಲ್ಲಿ ಹೇಳಿದರೆ, ನಾಲ್ಕು ಜನ ಕೇಳಿ. ಯಾರು ಕೇಳಿಸಿಕೊಂಡರು, ಯಾವಾಗ ಬರೆದರು ಅಂತ ಕೇಳಿ. ನಿಮ್ಮನ್ನು ಅದಕ್ಕೆ ಯಾರೂ ಕೋರ್ಟಿಗೆ ಎಳೆಯೋದಿಲ್ಲ. ಅದು ಎಷ್ಟು ದೊಡ್ಡ ಭಾಗ್ಯ ಅಂತ ಬ್ಯಾಂಕಾಕ್‌ನ ಆ ಹಿರಿಯರನ್ನು ನೆನೆಸಿಕೊಂಡರೆ ಗೊತ್ತಾಗುತ್ತೆ.